ಅಣ್ಣನ ಮನೆ ಮೇಲಿನ ಡಿಶ್

ಕೊರೋನಾ ನಿರ್ಬಂಧಗಳು ಸಡಿಲವಾದ ಮೇಲಿನ ಮೊದಲ ಮಳೆಗಾಲ ಅದು. ನಾನು ಆಗ ಉದಕಮಂಡಲದ ಒಬ್ಬ ಡೀಲರ್ ಬಳಿ ಫೀಲ್ಡ್ ಟೆಕ್ನಿಷಿಯನ್ ಆಗಿದ್ದೆ. ಮನೆಮನೆಗೆ ಹೋಗಿ ಡಿಶ್ ಕೂರಿಸುವುದು, ಕೆಟ್ಟರೆ ಸರಿಪಡಿಸುವುದು, ಬೇಡ ಎಂದವರ ಮನೆಯಿಂದ ಬಿಚ್ಚಿ ತರುವುದು, ಇಷ್ಟೇ ನನ್ನ ಕೆಲಸ. ಕೆತ್ತಿ ಕಣಿವೆಯಿಂದ ಕಲ್ಲಟ್ಟಿ ಘಾಟಿಯ ಕೆಳಗಿನ ಮಸಿನಗುಡಿಯವರೆಗೆ ನನ್ನ ಬೈಕು ಹೋಗದ ಊರಿಲ್ಲ. ಮಸಿನಗುಡಿಯಲ್ಲಿ ಆನೆ ಬೇಲಿಯ ಜೊತೆಗೆ ಡಿಶ್ಶನ್ನೂ ಮುರಿದು ಹೋದದ್ದಿದೆ, ಕೂನೂರಿನ ಕಡೆ ಕೋತಿಗಳು ವೈರು ಹಿಡಿದು ಜೋತಾಡಿದ್ದಿದೆ. ಅವೆಲ್ಲ ನಗುತ್ತಾ ಹೇಳಿಕೊಳ್ಳುವ ಸಂಗತಿಗಳು. ಈಗ ಬರೆಯುತ್ತಿರುವುದು ಅಂಥದ್ದಲ್ಲ.

ಕೆತ್ತಿಯ ಹತ್ತಿರದ ಒಂದು ಹಟ್ಟಿಯಿಂದ ಹೊಸ ಕನೆಕ್ಷನ್‌ಗೆ ಕರೆ ಬಂದಿತ್ತು. ಹಟ್ಟಿ ಎಂದರೆ ನೀಲಗಿರಿಯ ಬಡಗ ಜನರ ಊರು. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಮುಂದೆ ಎಲ್ಲರಿಗೂ ಸೇರಿದ ಅಂಗಳ, ಅದರಾಚೆ ಕಣಿವೆಯವರೆಗೆ ಟೀ ತೋಟ. ಮನೆಯವನ ಹೆಸರು ಶಿವರಾಜ್. ಟೀ ಫ್ಯಾಕ್ಟರಿಯಲ್ಲಿ ಕೆಲಸ, ಜೊತೆಗೆ ಸ್ವಲ್ಪ ತೋಟ. ಗಾಳಿಗೆ ಮರ ಬಿದ್ದು ಊರಿನ ಕೇಬಲ್ ಲೈನು ಹರಿದುಹೋಗಿತ್ತು. ಮತ್ತೆ ಎಳೆಯಲು ಯಾರೂ ಬಂದಿರಲಿಲ್ಲ. ಅವನ ಹೆಂಡತಿ ಗೌರಿ ಹಟ ಹಿಡಿದು ಡಿಶ್ ಹಾಕಿಸುತ್ತಿದ್ದಳು.

ಓದುಗರಿಗೆ ಒಂದು ವಿಷಯ ಹೇಳಬೇಕು. ನಮ್ಮ ಬೆಟ್ಟದಲ್ಲಿ ಡಿಶ್ ನೋಡುವುದು ಆಗ್ನೇಯ ದಿಕ್ಕಿಗೆ, ಅದೂ ಬಹಳ ಮೇಲಕ್ಕೆ, ಹೆಚ್ಚುಕಡಿಮೆ ನೆತ್ತಿಯ ಕಡೆಗೆ. ಅದಕ್ಕೇ ದೂರದ ಬೆಟ್ಟ ಅಡ್ಡ ಬರುವುದಿಲ್ಲ, ಮಂಜೂ ಅಷ್ಟಾಗಿ ತಡೆಯುವುದಿಲ್ಲ. ಅಡ್ಡ ಬರುವುದು ಮನೆಯ ಪಕ್ಕದಲ್ಲೇ ನಿಂತ ಎತ್ತರದ ಮರ. ಶಿವರಾಜನ ಮನೆಯ ಹಿಂದಿನ ದಿಬ್ಬದಲ್ಲಿ ಒಂದು ದೊಡ್ಡ ಸಿಲ್ವರ್ ಓಕ್ ಇತ್ತು. ಅದರ ಕೊಂಬೆಗಳು ಅವನ ಹೆಂಚಿನ ಮಾಡಿನ ಮೇಲೆ ಹರಡಿಕೊಂಡಿದ್ದವು. ನಾನು ಎಲ್ಲೆಲ್ಲಿ ಹಿಡಿದು ನೋಡಿದರೂ ಮೀಟರಿನಲ್ಲಿ ಸಿಗ್ನಲ್ ಏಳಲಿಲ್ಲ. ಮುಂದಿನ ಗೋಡೆಗೆ ಹಾಕಿದರೆ ಮಾಡೇ ಅಡ್ಡ. ಅಂಗಳದಲ್ಲಿ ಕಂಬ ನೆಡುವ ಹಾಗಿಲ್ಲ. ಮದುವೆಯಾಗಲಿ ಸಾವಾಗಲಿ ಊರೆಲ್ಲ ಸೇರುವ ಜಾಗ ಅದು.

ಉಳಿದದ್ದು ಪಕ್ಕದ ಮನೆ. ಅದಕ್ಕೆ ಕಾಂಕ್ರೀಟ್ ತಾರಸಿ ಇತ್ತು, ಮೇಲೆ ಪೂರಾ ಆಕಾಶ. ಅಲ್ಲಿ ಹಾಕಿ ಇಲ್ಲಿಗೆ ವೈರು ಎಳೆದರೆ ಮುಗಿಯಿತು ಎಂದೆ. ಶಿವರಾಜ್ ಮುಖ ತಿರುಗಿಸಿ ಒಳಗೆ ಹೋದ. ಗೌರಿ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ವಿಷಯ ಹೇಳಿದಳು. ಪಕ್ಕದ ಮನೆ ಅವಳ ಗಂಡನ ಅಣ್ಣ ಬೆಳ್ಳಿಯವರದು, ಮರವೂ ಅವರದೇ. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿ ಓದಿಸಿದ್ದು ಬೆಳ್ಳಿಯವರೇ; ಆ ಜವಾಬ್ದಾರಿಯಲ್ಲಿ ಅವರು ಮದುವೆಯನ್ನೇ ಆಗಲಿಲ್ಲ. ಶಿವರಾಜನ ಮದುವೆಯಾದ ಮೇಲೆ ತೋಟ ಪಾಲಾಯಿತು. ಆಗ ಒಂದು ಸಾಲು ಟೀ ಗಿಡದ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಊರ ಹಿರಿಯರು ಕೂತು ತೀರ್ಮಾನ ಮಾಡಬೇಕಾಯಿತು. ತೋಟದ ಗಡಿ ಇತ್ಯರ್ಥವಾಯಿತು, ಅಣ್ಣ ತಮ್ಮಂದಿರ ಮಾತು ನಿಂತಿತು. ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ವರ್ಷಗಟ್ಟಲೆ ಅವರು ಮಾತಾಡಿರಲಿಲ್ಲ.

"ನೀವೇ ಹೋಗಿ ಕೇಳಿ ಅಣ್ಣಾ, ನಾನು ಕೇಳಿದರೆ ಇವರು ಬೈಯುತ್ತಾರೆ" ಎಂದಳು ಗೌರಿ. (ಅವರ ಬಡಗ ಮಾತನ್ನು ಓದುಗರಿಗೆ ಅರ್ಥವಾಗಲೆಂದು ಕನ್ನಡಕ್ಕೆ ಹತ್ತಿರ ಮಾಡಿ ಬರೆಯುತ್ತಿದ್ದೇನೆ.)

ಬೆಳ್ಳಿಯವರು ಒಲೆಯ ಮುಂದೆ ಕೂತಿದ್ದರು. ಎತ್ತರದ ಆಳು, ತಲೆಗೆ ಮಫ್ಲರ್ ಸುತ್ತಿದ್ದರು, ಮಂಡಿ ನೋವಿನಿಂದ ಕಾಲು ಚಾಚಿಕೊಂಡಿದ್ದರು. ನಾನು ಹೆದರಿಕೊಂಡೇ ವಿಷಯ ತೆಗೆದೆ. ಮರದ ಕೊಂಬೆ ಕಡಿದರೂ ಆಗಬಹುದು, ಇಲ್ಲವಾದರೆ ನಿಮ್ಮ ತಾರಸಿಯಲ್ಲಿ ಒಂದು ಮೂಲೆ ಬೇಕು ಎಂದೆ. ಅವರು ಬಹಳ ಹೊತ್ತು ಯೋಚಿಸಲಿಲ್ಲ.

"ಮರ ಎನ್ನ ಅಪ್ಪ ನೆಟ್ಟದ್ದು, ಅದು ಇರಲಿ. ಡಿಶ್ ಎನ್ನ ಮನೆ ಮೇಲೆ ಹಾಕು ತಮ್ಮಾ. ಮೆಟ್ಟಿಲಲ್ಲಿ ಪಾಚಿ ಇದೆ, ನೋಡಿ ಹತ್ತು."

ಹೇಳಿದ್ದಷ್ಟೇ ಅಲ್ಲ, ನನ್ನ ಹಿಂದೆಯೇ ಕಾಲೆಳೆದುಕೊಂಡು ಮೇಲೆ ಬಂದರು. ನಾನು ಡ್ರಿಲ್ ಮಾಡುವಾಗ ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದುಕೊಂಡರು. ಗೌರಿಗೆ ಯಾವ ಸೀರಿಯಲ್ ಇಷ್ಟ, ಅದು ಇದರಲ್ಲಿ ಬರುತ್ತದೆಯೇ ಎಂದೂ ವಿಚಾರಿಸಿದರು.

ಡಿಶ್ ನಿಲ್ಲಿಸಿದ ಮೇಲಿನ ಕೆಲಸ ಅಲೈನ್‌ಮೆಂಟ್. ಡಿಶ್ಶನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಾ ಉಪಗ್ರಹಕ್ಕೆ ಗುರಿ ಹಿಡಿಯಬೇಕು. ಅಷ್ಟರಲ್ಲಿ ಮಳೆ ಹನಿಯತೊಡಗಿತು, ತೇವಕ್ಕೋ ಚಳಿಗೋ ನನ್ನ ಮೀಟರ್ ಆರಿಹೋಯಿತು. ಹಾಗಾದಾಗ ಹಳೆಯ ಕ್ರಮವೇ ಗತಿ. ಮೇಲೆ ಒಬ್ಬ ಡಿಶ್ ಸರಿಸಬೇಕು, ಒಳಗೆ ಒಬ್ಬ ಟಿವಿ ನೋಡುತ್ತಾ ಬಂತೋ ಇಲ್ಲವೋ ಕೂಗಿ ಹೇಳಬೇಕು. ಶಿವರಾಜ್ ಟಿವಿ ಮುಂದೆ ನಿಂತ. ನಾನು ಕೂಗಿದ್ದು ಗಾಳಿಯಲ್ಲಿ ಅವನಿಗೆ ಕೇಳಿಸಲಿಲ್ಲ. ಎರಡು ಮೂರು ಸಲ ಕೂಗಿ ನನ್ನ ಗಂಟಲು ಕಟ್ಟಿತು. ತೋಟದಲ್ಲಿ ಕಣಿವೆಯ ಆಚೆಗೂ ಕೇಳುವಂತೆ ಆಳುಗಳನ್ನು ಕೂಗಿ ಅಭ್ಯಾಸವಿದ್ದವರು ಬೆಳ್ಳಿ. ತಾರಸಿಯ ಅಂಚಿಗೆ ಹೋಗಿ ನಿಂತರು.

"ಬಂತಾ?"

ಒಳಗಿನಿಂದ ಉತ್ತರವಿಲ್ಲ. ನಾನು ಬೋಲ್ಟ್ ಹಿಡಿದುಕೊಂಡು ಹಾಗೇ ಕೂತೆ. ಅವರು ಮತ್ತೆ ಕೇಳಿದರು, ಸ್ವಲ್ಪ ಮೆತ್ತಗೆ.

"ಬಂತಾ?"

"ಇಲ್ಲೆ" ಎಂದಿತು ಶಿವರಾಜನ ದನಿ.

ನಾನು ಡಿಶ್ ಸರಿಸಿದೆ. ಬಂತಾ, ಇಲ್ಲೆ. ಇನ್ನಷ್ಟು ಸರಿಸಿದೆ. ಈಗ? ಸ್ವಲ್ಪ ಬಂದು ಹೋಯಿತು. ಆ ಮಳೆಯಲ್ಲಿ ಅಣ್ಣ ತಮ್ಮ ಹಾಗೆ ಎಷ್ಟೋ ಹೊತ್ತು ಕೂಗಾಡಿದರು. ಕೆಳಗೆ ಅಂಗಳದಲ್ಲಿ ಅಕ್ಕಪಕ್ಕದವರು ಬಂದು ನಿಂತಿದ್ದು ಕಾಣಿಸುತ್ತಿತ್ತು. ಅವರು ನೋಡುತ್ತಿದ್ದದ್ದು ಡಿಶ್ಶನ್ನಲ್ಲ. ಕೊನೆಗೆ ಒಳಗಿನಿಂದ "ಬಂತು, ಬಂತು ಅಣ್ಣಾ" ಎಂಬ ಕೂಗು ಕೇಳಿತು. ಬೆಳಗಿನಿಂದ ಶಿವರಾಜ್ ನನ್ನನ್ನೂ ಅಣ್ಣಾ ಎಂದೇ ಕರೆಯುತ್ತಿದ್ದ. ಅದನ್ನು ಯಾರಿಗೆ ಹೇಳಿದನೋ ನನಗೆ ತಿಳಿಯದು. ಬೆಳ್ಳಿಯವರು ಮಾತ್ರ ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡು ಮೆಟ್ಟಿಲಿಳಿದರು.

ಅದಾದ ಮೇಲೆ ಆ ಕಡೆ ಹೋದಾಗೆಲ್ಲ ನಾನು ಅಲ್ಲಿ ಒಂದು ಲೋಟ ಟೀ ಕುಡಿದೇ ಬರುತ್ತಿದ್ದೆ. ಅವರಿಬ್ಬರೂ ಒಂದಾಗಿ ಬಾಳಿದರು ಎಂದು ನಾನು ಹೇಳಲಾರೆ. ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಿರಲಿಲ್ಲ, ತೋಟದ ಮಾತು ಎತ್ತುತ್ತಿರಲಿಲ್ಲ. ಆದರೆ ಜೋರು ಮಳೆ ಬಂದಾಗ ಚಿತ್ರ ನಿಲ್ಲುತ್ತದೆ. ಅದು ಎಲ್ಲ ಡಿಶ್ಶಿಗೂ ಆಗುವಂಥದ್ದು, ಮಳೆ ನಿಂತರೆ ತಾನೇ ಸರಿಹೋಗುತ್ತದೆ. ನಾನು ಇದನ್ನು ಬೆಳ್ಳಿಯವರಿಗೂ ಹೇಳಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ. ಮಳೆ ಬಿಟ್ಟ ಕೂಡಲೇ ಮೇಲೆ ಹತ್ತಿ, ಓಕ್ ಎಲೆ ತೆಗೆದು, ಡಿಶ್ಶಿನ ಎದುರಿಗೆ ಕೈ ಚಾಚಿದಂತಿರುವ ಪುಟ್ಟ ಡಬ್ಬಿಯನ್ನು, ನಾವು ಎಲ್‌ಎನ್‌ಬಿ ಎನ್ನುತ್ತೇವೆ, ಬಟ್ಟೆಯಿಂದ ಒರೆಸುತ್ತಿದ್ದರು. ಆಮೇಲೆ ತಮ್ಮನ ಮನೆ ಕಡೆ ಬಗ್ಗಿ ವಿಚಾರಿಸುತ್ತಿದ್ದರು. ಗೌರಿಯೋ ಶಿವರಾಜನೋ ಉತ್ತರ ಕೊಡುತ್ತಿದ್ದರು. ಸಂಜೆ ಅಂಗಳದಲ್ಲಿ ಕೂತಾಗ ಒಂದೆರಡು ಮಾತು ಆಗುತ್ತಿತ್ತು, ಟೀ ಎಲೆಯ ರೇಟು, ಕಾಡುಕೋಣ ತೋಟಕ್ಕೆ ನುಗ್ಗಿದ್ದು, ಹೀಗೆ. ನಾನು ಊಟಿಯ ಅಂಗಡಿಯಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಕೆಲಸದಿಂದ ಒಂದು ಮನೆಗೆ ಒಳ್ಳೆಯದಾಯಿತು ಎಂಬ ಹೆಮ್ಮೆ ಇತ್ತು.

ಎರಡು ಮಳೆಗಾಲ ಕಳೆದಿರಬೇಕು. ಶಿವರಾಜ್ ಮನೆಯ ಮುಂಭಾಗದಲ್ಲಿ ಮಹಡಿ ಎತ್ತಿದ. ಕಣಿವೆಯ ಕಡೆ ಚಾಚಿದ ಬಾಲ್ಕನಿ, ಮರದ ನೆರಳಿಗೆ ಪೂರಾ ಹೊರಗೆ. ಡಿಶ್ಶನ್ನು ಅಲ್ಲಿಗೆ ಬದಲಿಸಿಕೊಡಿ ಎಂದು ಫೋನ್ ಬಂತು. ನಮ್ಮ ಕೆಲಸದಲ್ಲಿ ಇದಕ್ಕಿಂತ ಸಾಮಾನ್ಯವಾದದ್ದು ಇಲ್ಲ. ಯಾರೇ ಆಗಲಿ, ಸಾಧ್ಯವಾದರೆ ತಮ್ಮ ಡಿಶ್ ತಮ್ಮ ಗೋಡೆಗೇ ಇರಲಿ ಎನ್ನುತ್ತಾರೆ. ನಾನು ಹೋದಾಗ ಶಿವರಾಜ್ ಫ್ಯಾಕ್ಟರಿಗೆ ಹೊರಟಿದ್ದ. ಅಣ್ಣನಿಗೆ ವಿಷಯ ಗೊತ್ತಿದೆಯಾ ಎಂದು ಕೇಳಿದ್ದಕ್ಕೆ, ನೀವು ಹೋಗಿ ಬಿಚ್ಚಿಕೊಳ್ಳಿ, ಅವರೇನೂ ಅನ್ನುವುದಿಲ್ಲ ಎಂದು ಹೇಳಿ ಬಸ್ಸಿಗೆ ಓಡಿದ.

ಬೆಳ್ಳಿಯವರು ತಾರಸಿಗೆ ಬಂದು ನಿಂತರು. ಈ ಸಲ ಮೆಟ್ಟಿಲು ಹತ್ತಲು ಅವರಿಗೆ ಬಹಳ ಕಷ್ಟವಾದಂತೆ ಕಂಡಿತು. ನಾನು ಸ್ಪ್ಯಾನರ್ ಹಾಕುವುದನ್ನು ನೋಡುತ್ತಾ ಕೇಳಿದರು.

"ಇಲ್ಲಿ ಸರಿಯಾಗಿ ಬರುತ್ತಿಲ್ಲವಾ?"

"ಬರುತ್ತೆ ಮಾಮ. ಮಹಡಿ ಆಯಿತಲ್ಲ, ಅಲ್ಲೂ ಚೆನ್ನಾಗಿ ಸಿಗ್ನಲ್ ಸಿಗುತ್ತೆ. ಇನ್ನು ನಿಮಗೆ ತೊಂದರೆ ಇಲ್ಲ."

"ತೊಂದರೆ ಅಂತ ನಾನು ಯಾವಾಗ ಹೇಳಿದೆ?"

ನಾನು ನಕ್ಕು ಬೋಲ್ಟ್ ಬಿಚ್ಚತೊಡಗಿದೆ. ನನಗೆ ಗೊತ್ತಿದ್ದ ಕಾರಣವನ್ನೇ ಹೇಳಿದ್ದೆ, ಬೇರೆ ಕಾರಣ ಇರಬಹುದೆಂದು ಹೊಳೆಯಲಿಲ್ಲ. ಬಿಚ್ಚಿದ ಜಾಗದಲ್ಲಿ ನೀರಿಳಿಯದಂತೆ ತೂತುಗಳಿಗೆ ಸಿಮೆಂಟ್ ತುಂಬಿದೆ. ವೈರು ಸುತ್ತಿಕೊಂಡೆ. ಅವರು ಆ ಸಿಮೆಂಟಿನ ಗುರುತುಗಳನ್ನು ಚಪ್ಪಲಿ ಕಾಲಲ್ಲಿ ಒಮ್ಮೆ ಸವರಿ ಕೆಳಗಿಳಿದರು. ಹೊಸ ಬಾಲ್ಕನಿಯಲ್ಲಿ ಕೆಲಸ ಬೇಗ ಮುಗಿಯಿತು. ಈ ಬಾರಿ ಮೀಟರ್ ಚೆನ್ನಾಗಿತ್ತು, ಯಾರೂ ಕೂಗಬೇಕಾಗಲಿಲ್ಲ.

ಆ ಬಳಿಕ ನನ್ನನ್ನು ಕೆಲವು ತಿಂಗಳು ಗೂಡಲೂರು ಕಡೆಗೆ ಹಾಕಿದರು. ಮತ್ತೆ ಆ ಹಟ್ಟಿಗೆ ಹೋದದ್ದು ಇಬ್ಬನಿ ಹಿಮಗಟ್ಟುವ ಚಳಿಗಾಲ ಮುಗಿಯುತ್ತಿದ್ದಾಗ, ಶಿವರಾಜನ ಸೆಟ್‌ಟಾಪ್ ಬಾಕ್ಸ್ ಕೆಟ್ಟಿತ್ತು. ಬೆಳ್ಳಿಯವರ ಬಾಗಿಲಿಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದೆ. ಗೌರಿ ಗಂಡನ ಮುಖ ನೋಡಿದಳು. ಹಿಮದ ದಿನಗಳಲ್ಲಿ ಶೀತ ಎದೆಗಿಳಿದು ಅವರು ತೀರಿಕೊಂಡಿದ್ದರು.

ಉಳಿದದ್ದನ್ನು ಶಿವರಾಜ್ ಬಾಲ್ಕನಿಯಲ್ಲಿ ನಿಂತು ಹೇಳಿದ. ಅವನು ಡಿಶ್ ಬದಲಿಸಿದ್ದು ಮಹಡಿ ಕಟ್ಟಿದ್ದಕ್ಕಲ್ಲ. ಅದರ ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ ಡಿಶ್ ಒರೆಸಲು ಹತ್ತಿದ ಅಣ್ಣ ಪಾಚಿಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಯಾರಿಗೂ ಹೇಳದೆ ಗೋಡೆ ಹಿಡಿದು ಎದ್ದು ಒಳಗೆ ಹೋಗಿದ್ದನ್ನು ಗೌರಿ ಅಂಗಳದಿಂದ ನೋಡಿದ್ದಳು. ಮೇಲೆ ಹತ್ತಬೇಡಿ ಎಂದು ಅವಳು ಹೇಳಿದರೂ ಅವರು ಬಿಡಲಿಲ್ಲ. ಇನ್ನೊಂದು ಸಲ ಬಿದ್ದರೆ ಅಣ್ಣ ಏಳುವುದಿಲ್ಲ ಎಂಬ ಹೆದರಿಕೆ ತಮ್ಮನಿಗೆ ಹತ್ತಿತು. ಅವರನ್ನು ತಾರಸಿಯಿಂದ ಕೆಳಗಿಳಿಸಲು ಅವನಿಗೆ ತೋಚಿದ್ದು ಒಂದೇ ದಾರಿ, ಡಿಶ್ಶನ್ನೇ ಅಲ್ಲಿಂದ ತೆಗೆಸುವುದು.

ಅದನ್ನು ಅಣ್ಣನಿಗೆ ಹೇಳಲಿಲ್ಲವಾ ಎಂದೆ.

"ಹೇಗೆ ಹೇಳುವುದು? ನಮ್ಮಲ್ಲಿ ಅಷ್ಟು ಮಾತು ಎಲ್ಲಿತ್ತು? ಆಮೇಲೆ ತಾನೇ ತಿಳಿಯುತ್ತೆ ಅಂದುಕೊಂಡೆ."

ಬೆಳ್ಳಿಯವರಿಗೆ ತಿಳಿದದ್ದು ಬೇರೆ. ಸ್ವಂತ ಮಹಡಿ ಎದ್ದ ಕೂಡಲೇ ತಮ್ಮ ತನ್ನನ್ನು ಬೇಡವೆಂದ ಎಂದೇ ಅವರು ಅಂದುಕೊಂಡರು. ಮಾರನೆಯ ದಿನದಿಂದ ಅಂಗಳಕ್ಕೆ ಬಂದು ಕೂರುವುದನ್ನು ಬಿಟ್ಟರು. ಎದುರು ಸಿಕ್ಕರೆ ಹೂಂ ಎಂದು ಹಾದುಹೋಗುತ್ತಿದ್ದರು. ಮತ್ತೆ ಹಳೆಯ ಕೋಪ ಕೆರಳಿತೆಂದು ಶಿವರಾಜನೂ ದೂರ ನಿಂತ. ಊಟಿಯ ಆಸ್ಪತ್ರೆಗೆ ಸೇರಿಸಿದ ಮೇಲೆ ಗೌರಿ ಅವರ ಪಕ್ಕ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳಂತೆ. ಅವರು, "ಅದನ್ನು ಅವನೇ ಬಂದು ಹೇಳಲಿ" ಎಂದರಂತೆ. ಕೋಪದಿಂದ ಹೇಳಲಿಲ್ಲ, ಕೇಳಬೇಕೆಂಬ ಆಸೆಯಿಂದಲೇ ಹೇಳಿದರು ಎಂದು ಗೌರಿ ನನ್ನ ಮುಂದೆ ಅತ್ತಳು. ಅವಳು ಫೋನ್ ಮಾಡಿದಾಗ ಶಿವರಾಜ್ ಫ್ಯಾಕ್ಟರಿಯಲ್ಲಿದ್ದ. ಕೂಡಲೇ ಹೊರಟ. ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರಿಗೆ ಎಚ್ಚರ ತಪ್ಪಿತ್ತು. ಹಾಸಿಗೆಯ ಪಕ್ಕ ನಿಂತು ಅವನು ಹೇಳಿದ, ಮತ್ತೆ ಮತ್ತೆ ಹೇಳಿದ. ಅವರು ಕಣ್ಣು ಬಿಡಲಿಲ್ಲ.

ನಾನು ಬಾಕ್ಸ್ ಬದಲಿಸಿ ಕೊಟ್ಟೆ. ಟೀ ಕುಡಿಯಲು ಮನಸ್ಸಾಗಲಿಲ್ಲ. ಬೈಕು ಹತ್ತುವಾಗ ಶಿವರಾಜ್ ರಸ್ತೆಯವರೆಗೂ ಬಂದು, ಅಣ್ಣ ಆ ದಿನ ತಾರಸಿಯ ಮೇಲೆ ನಿಮ್ಮ ಹತ್ತಿರ ಏನಾದರೂ ಅಂದರಾ ಎಂದು ಕೇಳಿದ. ಡಿಶ್ ತೊಂದರೆ ಅಂತ ತಾವು ಯಾವತ್ತೂ ಹೇಳಿರಲಿಲ್ಲ ಎಂದರು, ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಕಂಬ ನೇರ ಇದೆಯೇ, ಬೋಲ್ಟ್ ಬಿಗಿಯಾಗಿದೆಯೇ, ಸಿಗ್ನಲ್ ಚೆನ್ನಾಗಿದೆಯೇ, ಇಷ್ಟು ನೋಡಿಕೊಂಡರೆ ನಮ್ಮ ಕೆಲಸ ಮುಗಿಯಿತು ಎಂದು ನಾನು ನಂಬಿದ್ದೆ. ಆ ಲೆಕ್ಕದಲ್ಲಿ ಅಲ್ಲಿ ನಾನು ಮಾಡಿದ ಎರಡೂ ಕೆಲಸಗಳು ಸರಿಯಾಗಿಯೇ ಇದ್ದವು. ಶಿವರಾಜ್ ಮಾಡಿದ್ದೂ ತಪ್ಪಲ್ಲ, ಅಣ್ಣನ ಮೇಲಿನ ಕಾಳಜಿಯಿಂದಲೇ ಮಾಡಿದ. ಕಾರಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಬೇಕಾದವರು ಪಕ್ಕದ ಮನೆಯಲ್ಲೇ ಇದ್ದರು.

ಈಗ ನನ್ನದೇ ಚಿಕ್ಕ ಸರ್ವೀಸ್ ಅಂಗಡಿ ಇದೆ. ಬೇರೆಯವರ ಗೋಡೆಯಿಂದ, ತಾರಸಿಯಿಂದ ಡಿಶ್ ಬಿಚ್ಚುವ ಕೆಲಸ ಬಂದರೆ, ನೀವೇ ಹೋಗಿ ಯಾಕೆ ತೆಗೆಸುತ್ತಿದ್ದೀರಿ ಎಂದು ಆ ಮನೆಯವರಿಗೆ ಹೇಳಿ ಬನ್ನಿ ಎನ್ನುತ್ತೇನೆ. ಅದೆಲ್ಲ ನಿನಗೇಕೆ, ಬಂದ ಕೆಲಸ ಮಾಡು ಎಂದು ಕೆಲವರು ಸಿಟ್ಟಾಗುತ್ತಾರೆ. ಒಂದಿಬ್ಬರು ಬೇರೆಯವರನ್ನು ಕರೆಸಿಕೊಂಡದ್ದೂ ಉಂಟು. ಆದರೂ ಅವರು ಹೋಗಿ ಮಾತಾಡಿ ಬರುವವರೆಗೆ ನಾನು ಏಣಿ ಹತ್ತುವುದಿಲ್ಲ. ಬೈಕಿನ ಮೇಲೆ ಕೂತು ಕಾಯುತ್ತೇನೆ. ಕೆಲವು ಮನೆಗಳಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಆಗ ನನಗೆ ಸಮಾಧಾನವೇ ಆಗುತ್ತದೆ.