ಉತ್ತರದ ಗಾಳಿ ಮತ್ತು ಟೋನಿಯ ಹಿತ್ತಲು

ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ನಮ್ಮ ರೈಲು ಹೊರಟಿತು. ಮೆಲ್ಬರ್ನ್‌ಗೆ ಸುಮಾರು ಒಂಬೈನೂರೈವತ್ತು ಕಿಲೋಮೀಟರು, ಹನ್ನೊಂದು ಗಂಟೆಯ ದಾರಿ. ವಿಮಾನದಲ್ಲಾದರೆ ಒಂದೂವರೆ ಗಂಟೆ ಸಾಕು, ದರದಲ್ಲೂ ಹೆಚ್ಚು ಅಂತರವಿರಲಿಲ್ಲ. ಆದರೆ ನೆಲವನ್ನೇ ನೋಡದೆ ಹಾರಿಹೋಗಲು ನನಗೆ ಮನಸ್ಸಾಗಲಿಲ್ಲ. ಸಿಡ್ನಿಯ ಟೂಂಗಾಬಿಯಲ್ಲಿರುವ ಅಕ್ಕನ ಮಗಳು ಸುಮಂಗಲಾ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಮೆಲ್ಬರ್ನ್‌ನಲ್ಲಿ ಅವಳ ತಮ್ಮ ಪ್ರಕಾಶನ ಹತ್ತಿರ ಎರಡು ವಾರ ಇದ್ದು ಬರುವುದು ನನ್ನ ಲೆಕ್ಕಾಚಾರವಾಗಿತ್ತು. ಅದು 2007ರ ಮಾರ್ಚ್ ತಿಂಗಳ ಕೊನೆ.

ಹೊರಡುವಾಗ ನನಗೆ ಸ್ವಲ್ಪ ಜಂಬವೂ ಇತ್ತು, ಮುಚ್ಚಿಡುವುದಿಲ್ಲ. ಬಿಜಾಪುರ ಜಿಲ್ಲೆಯ ಸರ್ಕಾರಿ ಬೀಜದ ಫಾರ್ಮ್ ಒಂದರಲ್ಲಿ ಮೂವತ್ತೊಂದು ವರ್ಷ ಮಳೆಯನ್ನು ಅಳೆದು ಬರೆದವನು ನಾನು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಮುಂದೆ ನಿಲ್ಲದ ದಿನವಿರಲಿಲ್ಲ. ಬಿತ್ತುವ ಮುಂಚೆ ಸುತ್ತಲಿನ ರೈತರು ನನ್ನನ್ನು ಕೇಳಿ ಹೋಗುತ್ತಿದ್ದರು. ಬ್ಲ್ಯಾಕ್‌ಟೌನ್‌ನ ಪಾರ್ಕಿನಲ್ಲಿ ಸಿಡ್ನಿಯ ನಮ್ಮ ಕನ್ನಡದವರು ಯುಗಾದಿ ಊಟ ಇಟ್ಟುಕೊಂಡಾಗ ಟೀವಿಯಲ್ಲಿ ಮಳೆ ಎಂದಿದ್ದರು. ಬೆಂಗಳೂರಿನ ಹುಡುಗಿಯೊಬ್ಬಳು, "ಅಂಕಲ್, ಪಾರ್ಕ್ ಬುಕ್ ಮಾಡಿಬಿಟ್ಟಿದೀವಿ, ಕ್ಯಾನ್ಸಲ್ ಮಾಡೋದಾ?" ಎಂದು ಕೇಳಿದಳು. ನಾನು ಅಂಗಳಕ್ಕೆ ಹೋಗಿ ಗಾಳಿ ನೋಡಿ, ಬರುವುದಿಲ್ಲ ಎಂದೆ. ಬರಲಿಲ್ಲ. ಅಂದಿನಿಂದ ಎಲ್ಲರ ಬಾಯಲ್ಲೂ ನಾನು ‘ಮಳೆ ಅಂಕಲ್’ ಆದೆ. ಅದು ನನ್ನ ಜಾಣತನವಲ್ಲ, ಅದೃಷ್ಟ. ಆಗ ಹಾಗೆ ಅನ್ನಿಸಿರಲಿಲ್ಲ.

ದಾರಿಯುದ್ದಕ್ಕೂ ಬರದ ನೆಲ. ಗೋಲ್ಬರ್ನ್ ದಾಟಿದ ಮೇಲೆ ಹುಲ್ಲೆಲ್ಲ ಒಣಗಿ, ಕುರಿಗಳೂ ನೆಲದ ಬಣ್ಣಕ್ಕೇ ತಿರುಗಿದ್ದವು. ಆಲ್ಬರಿಯ ಹತ್ತಿರ ಮರ್ರೆ ನದಿ ಬಂತೆಂದು ಪಕ್ಕದ ಸೀಟಿನ ಅಜ್ಜಿ ತೋರಿಸಿದಳು, ನಾನು ನಮ್ಮ ಬಿಜಾಪುರದ ಡೋಣಿ ಹೊಳೆಯನ್ನು ನೆನೆದೆ. ಸಂಜೆ ಮೆಲ್ಬರ್ನ್‌ನಲ್ಲಿ ಇಳಿದಾಗ ಚಳಿಯಿತ್ತು. ಪ್ರಕಾಶ ಜಾಕೆಟ್ ತಂದಿದ್ದ. ಓದಲು ಬಂದು ಈಗ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಅವನು ಅಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕಿ ಕಾಯುತ್ತಿದ್ದ. ನಗರದ ಉತ್ತರದ ಒಂದು ಸಬರ್ಬಿನಲ್ಲಿ ಟೋನಿ ಎಂಬ ಇಟಲಿಯ ಮುದುಕನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಟೊಮೇಟೊ, ಬದನೆ, ಒಂದು ಅಂಜೂರದ ಮರ. ಬಟ್ಟೆ ಒಗೆಯುವ ಯಂತ್ರದ ನೀರನ್ನು ಟೋನಿ ಬಕೆಟ್ಟಿನಲ್ಲಿ ಹೊತ್ತು ಹಾಕುತ್ತಿದ್ದ. ಊರಿಗೆಲ್ಲ ನೀರಿನ ನಿರ್ಬಂಧವಿದ್ದ ಕಾಲ ಅದು. ಟೊಮೇಟೊ ಸಾಲಿನ ಹಿಂದೆ, ಬೇಲಿಗೆ ತಾಗಿ, ನನಗಿಂತ ಎತ್ತರದ ನಾಲ್ಕು ಗಿಡಗಳಿದ್ದವು. ಕತ್ತರಿಸಿದಂಥ ಎಲೆ, ಆ ವಾಸನೆ. ನನಗೆ ತಿಳಿಯದೆ ಹೋಗಲು ಸಾಧ್ಯವಿರಲಿಲ್ಲ. ಶಿವರಾತ್ರಿಯ ದಿನ ನಮ್ಮೂರ ಮಠದಲ್ಲಿ ಈ ಸೊಪ್ಪನ್ನೇ ಅರೆದು ಘೋಟ ಮಾಡಿ ಕುಡಿಯುತ್ತಿದ್ದರು. ನಮ್ಮಪ್ಪ ನನ್ನನ್ನು ಆ ಕಡೆ ಸುಳಿಯಲೂ ಬಿಡುತ್ತಿರಲಿಲ್ಲ.

ಒಳಗೆ ಬಂದು ಪ್ರಕಾಶನನ್ನು ಕೇಳಿದೆ. "ಪ್ರಕಾಶಾ, ಅಂವಾ ಭಂಗಿ ಬೆಳದಾನಲ್ಲೋ. ನೀ ಪಿಆರ್‌ಗೆ ಹಾಕೀದಿ. ಪೊಲೀಸರು ಬಂದ್ರ ನಿನ್ನ ಗತಿ ಏನು?"

"ಗೊತ್ತೈತಿ ಮಾಮಾ. ನೀವು ಸುಮ್ನಿರ್ರಿ. ಅದು ರೋಸಾ ಆಂಟಿ ಸಲುವಾಗಿ."

ರೋಸಾ ಟೋನಿಯ ಹೆಂಡತಿ. ಹೊಟ್ಟೆಯ ಕ್ಯಾನ್ಸರು. ಆಸ್ಪತ್ರೆಯ ಚಿಕಿತ್ಸೆಯಾದ ಮೇಲೆ ಒಂದು ತುತ್ತೂ ನಿಲ್ಲುತ್ತಿರಲಿಲ್ಲ, ವಾಂತಿ ಮಾಡುವ ಸದ್ದು ಗೋಡೆಯಾಚೆಯಿಂದ ನಮಗೂ ಕೇಳುತ್ತಿತ್ತು. ಹಿಂದಿನ ವರ್ಷದ ಗಿಡದಿಂದ ಉಳಿದ ಒಂದಿಷ್ಟನ್ನು ಸೇದಿದ ದಿನ ಅರ್ಧ ಬಟ್ಟಲು ಸೂಪು ಕುಡಿಯುತ್ತಿದ್ದಳು. ಅದೂ ಮುಗಿಯುತ್ತ ಬಂದಿತ್ತು. ಇದನ್ನೆಲ್ಲ ಪ್ರಕಾಶ ಬಿಡಿಸಿ ಹೇಳಿದ್ದು ಎರಡು ದಿನದ ಮೇಲೆ, ಅಲ್ಲಿಯವರೆಗೆ ನಾನು ಟೋನಿಯ ಮುಖ ನೋಡದೆ ಓಡಾಡಿದ್ದೆ. ಇದನ್ನು ಕೇಳಿದ ಮೇಲೆ ನಾನೇ ಹೋಗಿ ಅವನ ಕೈಯಿಂದ ಒಂದು ಬಕೆಟ್ ತೆಗೆದುಕೊಂಡೆ.

ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಅದಕ್ಕೇ ಏನೋ, ಚೆನ್ನಾಗಿ ಮಾತಾಡಿದೆವು. ಇಲ್ಲಿ ಅಕ್ಟೋಬರಿನಲ್ಲಿ, ಚಳಿ ಕಳೆದ ಮೇಲೆ ಸಸಿಯನ್ನು ನೆಲಕ್ಕೆ ಊರುತ್ತಾರೆ. ಬೇಸಿಗೆಯ ಉದ್ದನೆಯ ಹಗಲಲ್ಲಿ ಬರೀ ಬೆಳೆಯುತ್ತದೆ. ಹಗಲು ಗಿಡ್ಡವಾಗುತ್ತ ಬಂದಂತೆ ಹೂ ಕಟ್ಟುತ್ತದೆ, ಹೂ ಬಲಿಯುವ ಹೊತ್ತಿಗೆ ಸರಿಯಾಗಿ ಇಲ್ಲಿನ ಶರತ್ಕಾಲದ ಮಳೆ ಕಾದು ಕೂತಿರುತ್ತದೆ. ದಟ್ಟ ಮೊಗ್ಗಿನೊಳಗೆ ನೀರು ಇಳಿಯಿತೆಂದರೆ ಬೂದು ಬೂಷ್ಟು. ಬೇಗ ಕೊಯ್ದರೆ ಸತ್ವವಿಲ್ಲ, ತಡಮಾಡಿದರೆ ಕೊಳೆಯುತ್ತದೆ. ಸಿಡ್ನಿಯಲ್ಲಿರುವ ತನ್ನ ತಮ್ಮ ಈ ಗೊಡವೆಯನ್ನೇ ಬಿಟ್ಟನೆಂದೂ ಟೋನಿ ಹೇಳಿದ. ಅಲ್ಲಿ ಸಮುದ್ರದ ಸೆಕೆಗೆ ಫೆಬ್ರವರಿಯಲ್ಲೇ ಎಲ್ಲ ಕೊಳೆತಿತ್ತಂತೆ. ಮಳೆ ಅಳೆಯುವ ನನ್ನ ಹಳೆಯ ಕೆಲಸವನ್ನೂ, ನಮ್ಮ ಕಡೆ ಹಿಂಗಾರಿ ಜೋಳದ ತೆನೆಗೆ ಅಕಾಲದ ಮಳೆ ಬಡಿದರೆ ಕಾಳು ಕಪ್ಪಾಗುವುದನ್ನೂ ನಾನು ಹೇಳಿದೆ. ಅವನು ತಲೆದೂಗಿದ.

ಏಪ್ರಿಲ್ ಮೊದಲ ವಾರ. ಮಂಗಳವಾರ ಬೆಳಿಗ್ಗೆ ಟೋನಿ ಕತ್ತರಿ ಹಿಡಿದು ಗಿಡದ ಮುಂದೆ ನಿಂತಿದ್ದ.

"ರೇಡಿಯೋ ಹೇಳ್ತು, ಗುರುವಾರ ಮಳೆ. ಇನ್ನೂ ಹತ್ತು ದಿನ ಬೇಕು ಇದಕ್ಕೆ. ನೀನು ಮಳೆಯ ಮನುಷ್ಯ. ನೀನು ಏನು ಹೇಳ್ತೀ?"

ಹಿಂದಿನ ದಿನದಿಂದ ಗಾಳಿ ಉತ್ತರಕ್ಕೆ ತಿರುಗಿತ್ತು. ಬೆಚ್ಚಗಿನ, ಒಣ ಗಾಳಿ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನಮ್ಮಲ್ಲಿ ಸ್ವಾತಿ ಮಳೆ ಮುಗಿದು ಉತ್ತರದ ಒಣಗಾಳಿ ಬೀಸಿತೆಂದರೆ ಮಳೆಮಾಪಕವನ್ನು ಮಗುಚಿ ಇಡಬಹುದು. ಮೂವತ್ತೊಂದು ವರ್ಷ ನೋಡಿದ ಗಾಳಿ ಅದು. ನಾನು ಬೆರಳು ಒದ್ದೆ ಮಾಡಿ ಮೇಲಕ್ಕೆತ್ತಿದೆ. ಅದರ ಅಗತ್ಯವಿರಲಿಲ್ಲ, ತೋರಿಸಿಕೊಳ್ಳಲು ಎತ್ತಿದೆ.

"ನಾರ್ತ್ ವಿಂಡ್. ನೋ ರೇನ್. ಟೆನ್ ಡೇಸ್" ಎಂದೆ.

"ರೇಡಿಯೋ?"

ನಾನು ಕೈ ಬೀಸಿ ನಕ್ಕೆ. ಟೋನಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡ.

ಆ ಊರಿನಲ್ಲಿ ಉತ್ತರದ ಗಾಳಿ ಬರುವುದು ಒಳನಾಡಿನ ಮರುಭೂಮಿಯಿಂದ. ಅದರ ಬೆನ್ನಿಗೇ ತೆಂಕಣ ಸಮುದ್ರದಿಂದ ತಣ್ಣನೆಯ ಗಾಳಿಯೂ ಮಳೆಯೂ ನುಗ್ಗಿಬರುತ್ತವೆ. ಅಲ್ಲಿನ ಶಾಲೆಯ ಮಕ್ಕಳಿಗೂ ಅದು ಗೊತ್ತು. ನನಗೆ ಆಮೇಲೆ ಪ್ರಕಾಶ ಹೇಳಿದ. ನಾನು ಯಾರನ್ನೂ ಕೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಗಾಳಿ ಒಮ್ಮೆಲೇ ತಿರುಗಿತು. ಅರ್ಧ ಗಂಟೆಯಲ್ಲಿ ಮೈ ನಡುಗುವಷ್ಟು ಚಳಿ, ಮಳೆ. ಟೋನಿ ರೋಸಾಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದ. ನಾನು ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನಾದರೂ ಹೊದಿಸಬಹುದಿತ್ತು, ಶೆಡ್ಡಿನಲ್ಲಿ ಇತ್ತು. ಹೊದಿಸಿದರೆ ನನ್ನ ಮಾತು ತಪ್ಪೆಂದು ನಾನೇ ಒಪ್ಪಿದಂತಾಗುತ್ತಿತ್ತು. ನಾಲ್ಕು ಹನಿ, ನಿಲ್ಲುತ್ತದೆ ಎಂದುಕೊಂಡೆ. ಅದು ಭಾನುವಾರದವರೆಗೆ ಬಿಟ್ಟು ಬಿಟ್ಟು ಸುರಿಯಿತು. ಬರದಲ್ಲಿ ಬೆಂದ ಊರೆಲ್ಲ ಖುಷಿಪಟ್ಟಿತು. ನಾನೊಬ್ಬ ಚಾದರ ಹೊದ್ದು ಮಲಗಿದೆ, ತಲೆನೋವೆಂದು ಪ್ರಕಾಶನಿಗೆ ಹೇಳಿದೆ.

ಸೋಮವಾರ ಟೋನಿ ಹಿತ್ತಲಲ್ಲಿ ಗಿಡ ಕಡಿಯುವ ಸದ್ದು ಕೇಳಿ ಹೊರಗೆ ಹೋಗಲೇಬೇಕಾಯಿತು. ಮೊಗ್ಗನ್ನು ಬೆರಳಲ್ಲಿ ಬಿಡಿಸಿ ತೋರಿಸಿದ. ಒಳಗೆಲ್ಲ ಬೂದು, ಮುಟ್ಟಿದರೆ ಪುಡಿಯಾಗುತ್ತಿತ್ತು. ನಾಲ್ಕು ಗಿಡಗಳಿಂದ ಒಂದು ಹಿಡಿಯಷ್ಟೂ ಉಳಿಯಲಿಲ್ಲ. ಅಷ್ಟರಲ್ಲಿ ಅವನ ಮಗಳು ಬಂದಳು. ನೋಡಿದವಳೇ ಸಿಟ್ಟಿಗೆದ್ದಳು.

"ಮಂಗಳವಾರವೇ ಕೊಯ್ಯಿ ಅಂದಿದ್ದೆನಲ್ಲ ಅಪ್ಪಾ. ಈಗ ಅಮ್ಮ ಏನು ಮಾಡಬೇಕು? ಕಾಯೋಕೆ ಯಾರು ಹೇಳಿದ್ದು ನಿನಗೆ?"

ಟೋನಿ ಒಮ್ಮೆ ನನ್ನನ್ನು ನೋಡಿದ. ‘ನಾನು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಅಕ್ಷರ. ಅದೂ ನನ್ನ ಬಾಯಿಂದ ಹೊರಡಲಿಲ್ಲ.

"ಯಾರೂ ಇಲ್ಲ. ರೇಡಿಯೋದವರು ಮಳೆ ಇಲ್ಲ ಅಂದ್ರು" ಎಂದ ಟೋನಿ. ಮತ್ತೆ ಬಗ್ಗಿ ಬುಡ ಕಡಿಯತೊಡಗಿದ.

ಮಗಳು ರೇಡಿಯೋದವರನ್ನು ಬೈದಳು. ನಾನು ಹೌದೆನ್ನುವಂತೆ ತಲೆಯಾಡಿಸಿದೆ. ಹೌದು, ತಲೆಯನ್ನೂ ಆಡಿಸಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಹೊರಡುವ ದಿನದವರೆಗೂ ಟೋನಿ ಎಂದಿನಂತೆಯೇ ಇದ್ದ. ನನಗೆ ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಗೋಡೆಯಾಚೆಯ ಸದ್ದು ಮಾತ್ರ ಬೆಳಗ್ಗೆ ಬೆಳಗ್ಗೆ ಮೊದಲಿಗಿಂತ ಹೆಚ್ಚು ಹೊತ್ತು ಕೇಳುತ್ತಿತ್ತು.

ಕೊನೆಯ ಬೆಳಿಗ್ಗೆ ಕಾರಿಗೆ ಪೆಟ್ಟಿಗೆ ಇಡುವಾಗ ರೋಸಾ ಹಿತ್ತಲಿನ ತಂತಿಯ ಮೇಲೆ ಹಾಸಿಗೆಯ ಬಿಳಿ ಬಟ್ಟೆಗಳನ್ನು ಹರವುತ್ತಿದ್ದಳು. ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮಣಿಕಟ್ಟು ನನ್ನ ಎರಡು ಬೆರಳಿನಷ್ಟಿತ್ತು. ಪ್ರಯಾಣಕ್ಕೆಂದು ಕಾಗದದ ಚೀಲದಲ್ಲಿ ಅಂಜೂರ ತುಂಬಿ ಕೊಟ್ಟಳು.

"ನಿಮಗೆ ಆಕಾಶ ಗೊತ್ತು ಅಂತ ಟೋನಿ ಹೇಳ್ತಾನೆ. ಇವತ್ತು ಮಳೆ ಬರತ್ತಾ? ಇವು ಒಣಗಬೇಕು" ಎಂದು ನಕ್ಕಳು.

ಅಂದರೆ ಕಾಯಲು ಹೇಳಿದ್ದು ನಾನೆಂದು ಟೋನಿ ಅವಳಿಗೂ ಹೇಳಿರಲಿಲ್ಲ.

ಬಟ್ಟೆಗಳು ತೆಂಕಣಕ್ಕೆ ಉಬ್ಬಿಕೊಂಡು ಹಾರುತ್ತಿದ್ದವು. ಉತ್ತರದ ಗಾಳಿ, ಬೆಚ್ಚಗಿತ್ತು. ಈ ಸಲ ಅದರ ಅರ್ಥ ನನಗೆ ಗೊತ್ತಿತ್ತು. ಆದರೆ ಆ ಹಿತ್ತಲಲ್ಲಿ ನಿಂತು ಮಳೆಯ ಬಗ್ಗೆ ಇನ್ನೊಂದು ಮಾತಾಡಲು ನಾಲಿಗೆ ಏಳಲಿಲ್ಲ. "ಐ ಡೋಂಟ್ ನೋ" ಎಂದು ಕಾರು ಹತ್ತಿದೆ. ತಿರುಗಿ ನೋಡಿದಾಗ ಅವಳು ಇನ್ನೊಂದು ಬಟ್ಟೆಯನ್ನು ಎರಡು ಕೈಯಲ್ಲಿ ಎತ್ತಲು ಹೆಣಗುತ್ತಿದ್ದಳು.

ರೈಲಿನ ಹನ್ನೊಂದು ಗಂಟೆಯ ದಾರಿಯಲ್ಲಿ ಅಂಜೂರದ ಚೀಲವನ್ನು ಬಿಚ್ಚಲಿಲ್ಲ. ಟೂಂಗಾಬಿ ಮುಟ್ಟಿದಾಗ ಸುಮಂಗಲಾ ತಮ್ಮನೊಂದಿಗೆ ಫೋನಿನಲ್ಲಿದ್ದಳು.

"ಮಾಮಾ ಬಂದ್ರು ನೋಡು. ಮಾಮಾ, ಮೆಲ್ಬರ್ನ್‌ದಾಗ ಮಧ್ಯಾಹ್ನದಿಂದ ಜೋರು ಮಳಿ ಅಂತ."

"ಹೊರಗ ಹಾಕಿದ್ದ ಬಟ್ಟಿ ಯಾರರ ಒಳಗ ತಂದ್ರೇನು, ಕೇಳವಾ" ಎಂದೆ.

"ಯಾರ ಬಟ್ಟಿ, ಮಾಮಾ?"

ನಾನು ಕೆಳಗೆ ಕೂತು ಬೂಟಿನ ದಾರ ಬಿಚ್ಚತೊಡಗಿದೆ.