ಸೇತುವೆ ಬ್ಯಾಡ ಎಂದವರು

ನಮ್ಮದು ಪಂಚಾಂಗ ನೋಡದೆ ಹೊಸಿಲು ದಾಟದ ಮನೆ. ಅಜ್ಜ ಆಡೂರಿನಲ್ಲಿ ಪುರಾಣ ಹೇಳುತ್ತಿದ್ದರು. ಶಕುನ, ಅಶರೀರವಾಣಿ ಎಂದರೆ ಆ ಮನೆಯಲ್ಲಿ ನಗುತ್ತಿದ್ದವಳು ನಾನೊಬ್ಬಳೇ. ಈಗ ನಂಬುತ್ತೇನೆ ಎಂದಲ್ಲ, ನಗುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ವರದೆ ಉಕ್ಕಿದಾಗ, ಸವಣೂರು ತಾಲೂಕಿನ ನದಿದಂಡೆಯ ಒಂದು ಊರಿನಲ್ಲಿ ಜನರನ್ನು ಪಾರುಮಾಡುವ ಹೊಣೆ ತಾಲೂಕು ಕಚೇರಿಯಲ್ಲಿದ್ದ ನನ್ನ ಮೇಲೆ ಬಿತ್ತು. ಮೊಬೈಲುಗಳು ಸತ್ತಿದ್ದವು, ಉಳಿದದ್ದು ವಾಕಿಟಾಕಿ. ನನ್ನದೊಂದು ಕಟ್ಟುನಿಟ್ಟು ಇತ್ತು. ನಾನು ಹೇಳಿದ್ದನ್ನು ಕೇಳಿದವರು ತಿರುಗಿ ಹೇಳಬೇಕು, ಆಮೇಲೆಯೇ ಹೆಜ್ಜೆ ಇಡಬೇಕು. ಬೆನ್ನ ಹಿಂದೆ ನನಗೆ ‘ಗಿಳಿಪಾಠದ ಮೇಡಂ’ ಎನ್ನುತ್ತಿದ್ದರಂತೆ. ಅನ್ನಲಿ ಬಿಡಿ.

ಮಧ್ಯಾಹ್ನ ಮೂರರ ಸುಮಾರಿಗೆ, ಮೌಲಾಸಾಬ್ ಎಂಬ ರೈತರು ತಮ್ಮ ಟ್ರ್ಯಾಕ್ಟರಿನಲ್ಲಿ ಹನ್ನೊಂದು ಜನರನ್ನು ಹತ್ತಿಸಿಕೊಂಡು ಹಳ್ಳದ ಆಚೆ ನಿಂತಿದ್ದರು. ನಾವು ಕೊಟ್ಟಿದ್ದ ವಾಕಿಟಾಕಿ ಸೆಟ್ಟೊಂದು ಅವರ ಕೈಯಲ್ಲಿತ್ತು. ಅವರಲ್ಲೊಬ್ಬಳು ದಿನ ತುಂಬಿದ ಬಸುರಿ, ನೋವು ಶುರುವಾಗಿತ್ತು. ಬರಲು ಎರಡೇ ದಾರಿ: ಹತ್ತಿರದ ಸೇತುವೆ, ಇಲ್ಲವೇ ಎತ್ತರದ ಮಡ್ಡಿ ಬಳಸಿ ಬರುವ ದೂರದ ದಾರಿ. ಸೇತುವೆಯನ್ನು ಬೆಳಿಗ್ಗೆ ನಾನೇ ನೋಡಿದ್ದೆ, ಗಟ್ಟಿಯಿತ್ತು.

“ಸೇತುವೆ ಮ್ಯಾಲೆ ಬರ್ರಿ, ತಡಾ ಮಾಡಬ್ಯಾಡ್ರಿ,” ಎಂದೆ. ಅವಸರದಲ್ಲಿ ತಿರುಗಿ ಹೇಳಿಸಲಿಲ್ಲ. “ಆತ್ರಿ,” ಎಂದು ಕೇಳಿತು. ಪಕ್ಕದಲ್ಲಿದ್ದ ಶಾಲೆಯ ಮಾಸ್ತರರೂ ಕೇಳಿಸಿಕೊಂಡರು.

ಹತ್ತು ನಿಮಿಷಕ್ಕೆ ಸೇತುವೆ ಕುಸಿದ ಸುದ್ದಿ ಬಂತು. ಎಷ್ಟು ಕೂಗಿದರೂ ವಾಕಿಟಾಕಿಯಲ್ಲಿ ಉತ್ತರವಿಲ್ಲ. ಅಷ್ಟೂ ಜನರನ್ನು ನಾನೇ ನೀರಿಗೆ ನೂಕಿದೆ ಎಂದು ಎದೆ ಒಡೆಯಿತು. ಆದರೆ ಅಳುವ ಹೊತ್ತಲ್ಲ ಅದು. ಹಗ್ಗ, ಟ್ಯೂಬು ತರಿಸಿ, ಈಜು ಬಲ್ಲವರನ್ನು ಕರೆದುಕೊಂಡು ದಂಡೆಗುಂಟ ಹುಡುಕಲು ಹೊರಟೆ. ಒಬ್ಬೊಬ್ಬರಿಗೂ ಕೆಲಸ ಹೇಳಿ, ತಿರುಗಿ ಹೇಳಿಸಿದೆ.

ಐದು ಗಂಟೆಗೆ ಮಡ್ಡಿಯ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳಿತು. ಎಲ್ಲರೂ ಇದ್ದರು. ನಾನು ಎರಡೆರಡು ಸಲ ಎಣಿಸಿದೆ.

“ಮಡ್ಡಿಗೆ ಯಾಕ ಹೋದ್ರಿ?”

ಮೌಲಾಸಾಬರು ಕಕ್ಕಾಬಿಕ್ಕಿಯಾದರು. “ನೀವ ಹೇಳಿದ್ರಲ್ರಿ ಮೇಡಮ್ಮಾರ! ನಾ ಗಾಡಿ ಚಾಲೂ ಮಾಡಿದೆ, ಮತ್ತ ಮಾತಾಡಿದ್ರಿ. ಸೇತುವೆ ಬ್ಯಾಡ, ಮಡ್ಡಿ ದಾರಿ ಹಿಡೀರಿ ಅಂದ್ರಿ. ತಿರುಗಿ ಹೇಳ್ರಿ ಅಂದ್ರಿ, ಹೇಳಿದೆ. ಆಮ್ಯಾಲೆ ಬ್ಯಾಟರಿ ಹೋತು.”

“ಹೌದ್ರಿ ಅಕ್ಕಾರ,” ಎಂದಳು ಬಸುರಿ, ನೋವು ನುಂಗುತ್ತ. “ನಿಮ್ಮ ದನೀನ.”

ಸೇತುವೆ ಕುಸಿದ ಸುದ್ದಿ ಬರುವವರೆಗೆ ಎರಡನೇ ಸಲ ನಾನು ಗುಂಡಿ ಒತ್ತಿಯೇ ಇರಲಿಲ್ಲ. ಮಾಸ್ತರರೂ ಹಾಗೇ ಹೇಳಿದರು. ಬೇರೆ ಯಾರಾದರೂ ಮಾತಾಡಿದ್ದರೆ ಅದೂ, ಮೌಲಾಸಾಬರು ತಿರುಗಿ ಹೇಳಿದ್ದೂ ನನ್ನ ಕೈಯಲ್ಲಿದ್ದ ಸೆಟ್ಟಿನಲ್ಲಿ ಕೇಳಬೇಕಿತ್ತು; ಏನೂ ಕೇಳಿರಲಿಲ್ಲ. ಆ ದಿನ ಕೆಲಸಕ್ಕಿದ್ದವರಲ್ಲಿ ಹೆಂಗಸು ನಾನೊಬ್ಬಳೇ.

ಜನ ಹೊಗಳಿದರು. ನಾನು ಎಲ್ಲರೆದುರೇ ಒಪ್ಪಿಕೊಂಡೆ: ನಿಮ್ಮನ್ನು ಸೇತುವೆಗೇ ಕಳಿಸಿದ್ದೆ, ತಪ್ಪು ನನ್ನದು. ಯಾರೂ ನಂಬಲಿಲ್ಲ. ದೊಡ್ಡವರ ವಿನಯ ಎಂದರು.

ಅಂದು ರಾತ್ರಿ ಹುಟ್ಟಿದ ಮಗಳಿಗೆ ನನ್ನ ಹೆಸರನ್ನೇ ಇಟ್ಟಿದ್ದಾರೆ. ಈಗ ಶಾಲೆಗೆ ಹೋಗುತ್ತಾಳೆ. ಅವಳನ್ನು ಯಾರಾದರೂ ಹೆಸರು ಹಿಡಿದು ಕೂಗಿದಾಗ, ಆ ಹೆಸರು ನಿಜವಾಗಿ ಯಾರಿಗೆ ಸಲ್ಲಬೇಕು ಎಂದು ತಿರುಗಿ ನೋಡುತ್ತೇನೆ.