ರೇಣವ್ವನ ಹಿಮ್ಮಡಿ ಮತ್ತು ನನ್ನ ಓಟಗಾರ್ತಿ

ಕೊರೊನಾ ಮುಗಿದ ಮರುವರ್ಷ ನಾನು ಗದಗದ ಆಸ್ಪತ್ರೆಯೊಂದರಲ್ಲಿ ಹಿರಿಯ ಫಿಜಿಯೋಥೆರಪಿಸ್ಟ್ ಆಗಿದ್ದೆ. ನನ್ನ ಕೋಣೆಯ ಗೋಡೆ ತುಂಬ ಕ್ರೀಡಾಪಟುಗಳ ಚಿತ್ರಗಳು. ನೋವೆಂದು ಮುಖ ಸಿಂಡರಿಸಿದವರಿಗೆಲ್ಲ ಅವುಗಳನ್ನು ತೋರಿಸಿ ಭಾಷಣ ಬಿಗಿಯುವುದು ನನ್ನ ಚಟವಾಗಿತ್ತು. ಅದನ್ನು ಆಗ ಸ್ಫೂರ್ತಿ ಎಂದು ಕರೆಯುತ್ತಿದ್ದೆ.

ಬೆಟಗೇರಿಯ ರೇಣವ್ವ ಬಂದಾಗ ಅವಳ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಕಳೆದಿತ್ತು. ನಲವತ್ತಾರರ ನೇಕಾರ್ತಿ. ಕುಣಿಮಗ್ಗದಲ್ಲಿ ನೇಯುವವರು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತಾರೆ. ಆ ಕುಣಿಯಿಂದ ಏಳುವಾಗ ಜಾರಿ ಅವಳ ಬಲಗಾಲಿನ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕುವ ದಪ್ಪ ಸ್ನಾಯುರಜ್ಜು, ಹರಿದಿತ್ತು. ಅವಳದು ಒಂದೇ ಪ್ರಶ್ನೆ: "ಮೇಡಂ, ನಾ ಮತ್ತ ಮಗ್ಗಕ್ಕ ಕುಂಡ್ರತೀನಿಲ್ರಿ?"

ನಾನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದೆ. ಅಂಥದೇ ಗಾಯವಾದ ಓಟಗಾರ್ತಿಯೊಬ್ಬಳು ಅಳುತ್ತ, ಬೀಳುತ್ತ, ಕೊನೆಗೆ ಟ್ರ್ಯಾಕಿಗೆ ಮರಳುವ ವಿಡಿಯೋ. ರೇಣವ್ವ ಅದನ್ನು ಎರಡು ಸಲ ನೋಡಿದಳು.

"ಆಕಿ ಒಂದ ದಿನಾನೂ ತಪ್ಪಿಸಿಲ್ಲ ನೋಡು," ಎಂದೆ. ಆಮೇಲೆ ನನ್ನ ಜಾಣತನ ತಲೆಗೇರಿತು. "ನಿನಗ ಜಿಮ್ ಹುಡುಕೋದು ಬ್ಯಾಡ. ಮನ್ಯಾಗ ಮಗ್ಗ ಐತೆಲ್ಲ, ಅದ ನಿನ್ನ ಜಿಮ್. ದಿನಾ ಹಲಗಿ ತುಳಿ."

ಹದಿನೈದರಂತೆ ಮೂರು ಸಲ, ಹಗುರವಾಗಿ, ಎಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ನನ್ನ ಲೆಕ್ಕಕ್ಕೆ ಅದು ನಲವತ್ತೈದು ತುಳಿತ. ಆದರೆ ಬರೀ ಹಲಗೆ ತುಳಿದು, ನೂಲಿನ ಲಾಳಿ ಎಸೆದು ನೇಯದೆ ಎದ್ದು ಬರುವ ನೇಕಾರರು ಬೆಟಗೇರಿಯಲ್ಲಿ ಯಾರಿದ್ದಾರೆ? ಒಂದು ಅಂಗುಲ ಬಟ್ಟೆಗೇ ಐವತ್ತು ಅರವತ್ತು ಸಲ ತುಳಿಯಬೇಕು. ಆ ಊರಿನ ಹತ್ತಿರವೇ ಇಡೀ ವೃತ್ತಿಜೀವನ ಕಳೆದ ನನಗೆ ಇಷ್ಟು ಹೊಳೆಯಲಿಲ್ಲ.

ಪ್ರತಿ ಸೋಮವಾರ ಬರುತ್ತಿದ್ದಳು. ಕಾಲಿಗೆ ಬಲ ಬರುತ್ತಿತ್ತು. ಸ್ವಲ್ಪ ಬಾವು ಕಂಡಿತು, ಕೇಳಿದರೆ "ಏನಿಲ್ರಿ, ಆರಾಮ ಐತಿ" ಎನ್ನುತ್ತಿದ್ದಳು. ನಾನು ನಂಬಿದೆ, ಏಕೆಂದರೆ ನಂಬಲು ಹಿತವಾಗಿತ್ತು. ಅವಳ ವಿಡಿಯೋ ಮಾಡಿ ಶಿರಹಟ್ಟಿ, ಮುಂಡರಗಿ ಕಡೆಯಿಂದ ಬರುವ ರೋಗಿಗಳಿಗೆ ತೋರಿಸಿ ಬೀಗಿದೆ. ದಿನಕ್ಕೆ ಎಷ್ಟು ತಾಸು ಮಗ್ಗದ ಮೇಲಿರುತ್ತೀ ಎಂದು ಒಂದು ಸಲವೂ ಕೇಳಲಿಲ್ಲ.

ಹನ್ನೊಂದನೇ ವಾರ ಟೆಂಡನ್ ಮತ್ತೆ ಹರಿಯಿತು. ಕುಣಿಯಿಂದ ಅವಳನ್ನು ಓಣಿಯವರು ಎತ್ತಿ ತಂದರು. ಎರಡನೇ ಶಸ್ತ್ರಚಿಕಿತ್ಸೆಯಾಯಿತು, ಗಾಯ ಕೀವುಗಟ್ಟಿತು. ಆ ಪಾದಕ್ಕೆ ಇನ್ನು ಒತ್ತಿ ತುಳಿಯುವ ಶಕ್ತಿ ಬರುವುದಿಲ್ಲ ಎಂದು ಸರ್ಜನ್ ಹೇಳಿದರು.

ಆ ದಿನ ಓಟಗಾರ್ತಿಯ ವಿಡಿಯೋವನ್ನು ಕೊನೆಯವರೆಗೂ ನೋಡಿದೆ. ಟ್ರ್ಯಾಕಿನ ದೃಶ್ಯವಾದ ಮೇಲೆ ನಾನು ಯಾವಾಗಲೂ ಬಂದ್ ಮಾಡುತ್ತಿದ್ದೆ. ಮುಂದೆ ಆ ಓಟಗಾರ್ತಿ ಮಲಗಿದ್ದಾಳೆ, ಒಬ್ಬರು ಕಾಲು ತಿಕ್ಕುತ್ತಿದ್ದಾರೆ, ಇನ್ನೊಬ್ಬರು ಊಟ ತಂದಿಟ್ಟಿದ್ದಾರೆ. ವಾರದಲ್ಲಿ ಎರಡು ದಿನ ತನ್ನನ್ನು ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ ಎಂದು ನಗುತ್ತ ಹೇಳುತ್ತಾಳೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ವಾರ್ಡಿಗೆ ಹೋದೆ. ರೇಣವ್ವ ಎದ್ದು ಕೂರಲು ನೋಡಿದಳು.

"ನನ್ನ ತಪ್ಪಾತು ರೇಣವ್ವ," ಎಂದೆ. "ನಾ ಹಂಗ ಹೇಳಬಾರದಿತ್ತು."

"ನಿಮ್ದೇನ ತಪ್ಪ್ರಿ ಮೇಡಂ? ನೀವು ಹೇಳಿದ್ದು ಖರೇನ ಐತಿ. ನಾನೂ ಒಂದ ದಿನಾ ತಪ್ಪಿಸಲಿಲ್ಲರಿ." ಹೊದಿಕೆಯ ಅಂಚನ್ನು ಸರಿಮಾಡಿದಳು. "ಆಕಿ ಎದ್ದಳು, ನನ್ನ ಕೈಲೆ ಆಗಲಿಲ್ಲ. ಅಷ್ಟ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಛಲವೇ ಕಡಿಮೆ ಬಿತ್ತೆಂದು ಅವಳು ನಂಬಿದ್ದಳು. ಹಾಗೆ ನಂಬಿಸಿದವಳು ನಾನು. ಈಗ ಅವಳು ಬೇರೆಯವರ ಮಗ್ಗಗಳಿಗೆ, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಾಳೆ.

ನಿವೃತ್ತಿಯಾಗುವವರೆಗೂ ಆಟಗಾರರ ಕಥೆ ಹೇಳುವುದನ್ನು ನಾನು ಪೂರ್ತಿ ಬಿಡಲಿಲ್ಲ. ಆದರೆ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: "ನೀವು ಮಲಗಿದರ ನಿಮ್ಮ ಕೆಲಸ ಯಾರು ಮಾಡ್ತಾರ್ರಿ?" ಹೆಚ್ಚಿನವರು, ಅದರಲ್ಲೂ ಹೆಂಗಸರು, ನಾವಲ್ಲದೆ ಇನ್ಯಾರು ಮಾಡುತ್ತಾರೆ, ಇದೇನು ಕೇಳುತ್ತಾಳೆ ಎಂಬಂತೆ ನನ್ನನ್ನು ನೋಡುತ್ತಿದ್ದರು. ಅಂಥವರಿಗೆ ಕಥೆ ಹೇಳಲಿಲ್ಲ.